ಪಡಸಾಲೆಯ ಕುಡಿಕೆಗಳು

ನಮ್ಮೂರಿನ ದೇವಾಲಯದ ಪಡಸಾಲೆಯಲ್ಲಿ ಎಡಗಡೆ ಚಪ್ಪಲಿ ಬಿಡುವ ಜಾಗ, ಬಲಗಡೆ ಬುದ್ಧಿ ಇಡುವ ಕಪಾಟು. ಕಪಾಟಿಗೆ ಏಳು ಹಲಗೆ. ಹಲಗೆಯ ಮೇಲೆ ಮುಷ್ಟಿಯಷ್ಟು ದೊಡ್ಡ ಮಣ್ಣಿನ ಕುಡಿಕೆಗಳು, ಒಂದೊಂದರ ಮುಚ್ಚಳದ ಮೇಲೂ ಸುಣ್ಣದಲ್ಲಿ ಬರೆದ ಹೆಸರು. ದೃಢೀಕರಣವಾಗಿ ಸಭೆಗೆ ಸೇರಿದ ಪ್ರತಿಯೊಬ್ಬರಿಗೂ ಒಂದು ಕುಡಿಕೆ; ಚಿಕ್ಕ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ. ಭಾನುವಾರ ಮೊದಲ ಗಂಟೆಯಾದಾಗ ನಾವು ಸಾಲಾಗಿ ನಿಂತು, ಕುಡಿಕೆಯ ಮೇಲೆ ತಲೆ ಬಗ್ಗಿಸಿ, ಹಣೆಯಿಂದ ಕೆಳಗೆ ಮೂರು ಸಲ ಅಂಗೈ ಸವರಿಕೊಳ್ಳುತ್ತಿದ್ದೆವು. ಮೂರನೆಯ ಸಲಕ್ಕೆ ಹೆರೆತ ತುಪ್ಪದಂಥದು ಬೆಚ್ಚಗೆ ಜಾರಿ ಕುಡಿಕೆಗೆ ಬೀಳುತ್ತಿತ್ತು. ಮುಚ್ಚಳ ಮುಚ್ಚಿ ಒಳಗೆ ಹೋಗುವುದು. ಆರಾಧನೆ ಮುಗಿದ ಮೇಲೆ ಕುಡಿಕೆಯನ್ನು ಹಣೆಗೆ ಹಿಡಿದು ಒಂದು ಉಸಿರು ಎಳೆದರೆ ಅದು ಮತ್ತೆ ತನ್ನ ಜಾಗಕ್ಕೆ. ಒಳಗೆ ಏನಾಯಿತೆಂದು ಯಾರಿಗೂ ಸರಿಯಾಗಿ ನೆನಪಿರುತ್ತಿರಲಿಲ್ಲ. ಬೆಲ್ಲ ಕರಗಿದ ಮೇಲೆ ನಾಲಗೆಯಲ್ಲಿ ಉಳಿಯುವಂಥ ಸಿಹಿ ಮಾತ್ರ ಉಳಿಯುತ್ತಿತ್ತು. ಆ ಸಿಹಿಯಲ್ಲಿ ವಾರ ಕಳೆಯುತ್ತಿತ್ತು.

ನೂಲಿನ ವ್ಯಾಪಾರಿ ಹನೋಕಪ್ಪನಿಗೆ ಕುಡಿಕೆ ಮರೆತು ಮನೆಗೆ ಹೋಗುವ ಚಾಳಿ. ಸೋಮವಾರ ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ನಗುತ್ತಾ ಕೂತು, ಕೇಳಿದವರಿಗೆಲ್ಲ ಲಡಿ ಲಡಿ ನೂಲು ಕೊಟ್ಟುಬಿಡುತ್ತಿದ್ದ. ಅದಕ್ಕೇ ಅವನ ಹೆಂಡತಿ ದೀನಮ್ಮ ಆರಾಧನೆ ಮುಗಿದ ಕೂಡಲೇ ಅವನ ತೋಳು ಹಿಡಿದು ಕಪಾಟಿನ ಮುಂದೆ ನಿಲ್ಲಿಸುತ್ತಿದ್ದಳು. "ಎಳೀರಿ, ಜೋರಾಗಿ ಎಳೀರಿ. ಹೋದ ವಾರ ಅರ್ಧ ಅಲ್ಲೇ ಬಿಟ್ಟಿದ್ರಿ," ಎಂದು ಎಲ್ಲರ ಮುಂದೆ ಗದರುತ್ತಿದ್ದಳು. ನಾವು ನಗುತ್ತಿದ್ದೆವು. ಹೀಗೇ ನಡೆದಿತ್ತು.

ನಗು ನಿಲ್ಲುತ್ತಿದ್ದದ್ದು ಮೇಲಿನ ಹಲಗೆಯ ಕಡೆ ಕಣ್ಣು ಹೋದಾಗ. ಅಲ್ಲಿ ಒಂದೇ ಒಂದು ಕುಡಿಕೆಯ ಮುಚ್ಚಳಕ್ಕೆ ಸುತ್ತಲೂ ಕೆಂಪು ಅರಗು ಹೊಯ್ದು ಮುದ್ರೆ ಒತ್ತಿತ್ತು. ಅದು ಎಲೀಯ ಮಾಸ್ತರರದು. ಹನ್ನೊಂದು ವರ್ಷದ ಹಿಂದೆ ಅವರು ಬುದ್ಧಿಯನ್ನು ಒಳಗೆ ಒಯ್ದರೆಂದು ಹಿರಿಯರು ಸೇರಿ ಅದನ್ನು ಕುಡಿಕೆಗೆ ಇಳಿಸಿ ಹಾಗೆ ಮಾಡಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ, ಸಭೆಯಿಂದ ಹೊರಗೆ ಹಾಕಲಿಲ್ಲ. ಅಷ್ಟೇ, ಕುಡಿಕೆ ಮತ್ತೆ ತೆರೆಯಲಿಲ್ಲ. ಮಾಸ್ತರರು ಅಂದಿನಿಂದ ದೇವಾಲಯದ ಪೌಳಿಯ ಗೋಡೆಯ ಮೇಲೆ ಕೂತು ಬರುವವರಿಗೆಲ್ಲ ನಗುತ್ತಿದ್ದರು. ಅವರ ಹೆಂಡತಿ ನವೋಮಿ ಚಿಗವ್ವ ದಿನಾ ಬೆಳಿಗ್ಗೆ ಅವರ ಅಂಗಿಯ ಗುಂಡಿ ಹಾಕಿ ಅಲ್ಲಿ ಕೂಡಿಸಿ, ಸಂಜೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ನಾನು ಚಿಕ್ಕವಳಿದ್ದಾಗ ನನಗೆ ಭಾಗಾಕಾರ ಕಲಿಸಿದ ಮನುಷ್ಯ ಅವರು.

ನನ್ನ ಹೆಸರು ಹುಲ್ದಾ. ಹುಟ್ಟಿದ ವರ್ಷವೇ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡವಳು. ನನ್ನನ್ನು ಬೆಳೆಸಿದ್ದು ಅಜ್ಜಿ ಲೋವಿಯಮ್ಮ, ಮತ್ತು ಅವಳ ಕಥೆಗಳು. ಅವಳು ಮಗ್ಗದ ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಹೇಳುತ್ತಿದ್ದಳು, ನಾನು ನೇಯುತ್ತಾ ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಲಾಳಿ ನಿಂತುಬಿಡುತ್ತಿತ್ತು. "ಮತ್ತ ಎಲ್ಲಿಗೆ ಹೋದಿ ಹುಲ್ದಿ? ಕಾಲಂತೂ ಇಲ್ಲೇ ಅದಾವು," ಎಂದು ಅಜ್ಜಿ ಕಂಡಿಕೆಯಿಂದ ಮೊಣಕಾಲಿಗೆ ತಟ್ಟುತ್ತಿದ್ದಳು. ಈಗ ಅವಳ ಕಾಲುಗಳು ಸೋತಿವೆ. ಮೂರು ವರ್ಷದಿಂದ ಮಂಚವೇ ಅವಳ ಮನೆ.

ಅವಳ ಕಥೆಗಳಲ್ಲಿ ನನ್ನ ಮೈ ತಣ್ಣಗಾಗಿಸುತ್ತಿದ್ದದ್ದು ಒಂದು. ಒಬ್ಬ ಹುಡುಗಿ ತನ್ನ ಬುದ್ಧಿಯನ್ನು ಕುಡಿಕೆಗೆ ಹಾಕದೆ ಮಲ್ಲಿಗೆ ದಂಡೆಯೊಳಗೆ ಮುಚ್ಚಿಟ್ಟುಕೊಂಡು ದೇವಾಲಯಕ್ಕೆ ಹೋದಳಂತೆ. ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅವಳೊಬ್ಬಳೇ ಕಣ್ಣು ಬಿಟ್ಟು ಮೇಲೆ ನೋಡಿದಳಂತೆ. ಅವಳು ನೋಡಿದ ಕಡೆಯೆಲ್ಲ ಚಾವಣಿ ಬಿರಿಯುತ್ತಾ ಹೋಯಿತಂತೆ. ಕೊನೆಗೆ ಒಂದು ಹಂಚೂ ಉಳಿಯಲಿಲ್ಲವಂತೆ, ಒಬ್ಬ ಮನುಷ್ಯನೂ ಉಳಿಯಲಿಲ್ಲವಂತೆ. ಈ ಕಥೆ ನಮ್ಮ ಮನೆಯಲ್ಲಷ್ಟೇ ಅಲ್ಲ, ಊರಿನ ಎಲ್ಲ ಮನೆಗಳಲ್ಲೂ ಇತ್ತು. ಹಿರಿಯರು ಅದನ್ನು ದೃಢೀಕರಣದ ಮಕ್ಕಳಿಗೆ ಪಾಠದಂತೆ ಹೇಳುತ್ತಿದ್ದರು.

ಸುಗ್ಗಿ ಹಬ್ಬಕ್ಕೆ ಒಂದು ವಾರ ಮುಂಚಿನ ಭಾನುವಾರ ನಾನು ಸಾಲಿನಲ್ಲಿ ನಿಂತಿದ್ದೆ. ಹಬ್ಬಕ್ಕೆ ದೇವರ ಮೇಜಿಗೆಂದು ನೇಯುತ್ತಿದ್ದ ವಸ್ತ್ರದ ಅಂಚಿನಲ್ಲಿ ಮೀನು ಯಾವ ಕಡೆ ಮುಖ ಮಾಡಬೇಕು ಎಂಬ ಯೋಚನೆ. ಎರಡು ಎಳೆ ಬಿಟ್ಟು ಮೂರನೆಯದನ್ನು ಎತ್ತಿದರೆ ಮೀನು ತಿರುಗೀತೇ? ಹೀಗೆ ಎಣಿಸುತ್ತಾ ತಲೆ ಬಗ್ಗಿಸಿದೆ, ಹಣೆ ಸವರಿಕೊಂಡೆ, ಮುಚ್ಚಳ ಮುಚ್ಚಿದೆ, ಒಳಗೆ ಹೋದೆ. ಸವರಿದ್ದು ಮೂರು ಸಲವಲ್ಲ, ಎರಡೇ ಸಲ. ಅದು ನನಗೆ ಗೊತ್ತಾದದ್ದು ಕೀರ್ತನೆ ಹಾಡುವಾಗ.

ಕೀರ್ತನೆಯ ಮಾತುಗಳು ನನಗೆ ಅರ್ಥವಾಗುತ್ತಿದ್ದವು.

ಐದು ವರ್ಷದಿಂದ ಬಾಯಲ್ಲಿ ಹಾಡಿದ್ದೆ, ಮಾತುಗಳು ಒಂದೊಂದಾಗಿ ಬಂದು ಒಳಗೆ ಕೂತದ್ದು ಅಂದೇ ಮೊದಲು. ಬೆಟ್ಟ ಯಾಕೆ ಬಂತು, ನೀರು ಯಾಕೆ ಬಂತು, ಹಾಡುವವನಿಗೆ ಯಾವ ಹೆದರಿಕೆ ಇತ್ತು, ಯಾರ ಕೈ ಅವನನ್ನು ಹಿಡಿಯಿತು ಎಂದೆಲ್ಲ ತಿಳಿಯುತ್ತಾ ಹೋದಂತೆ ಕಣ್ಣಲ್ಲಿ ನೀರು ಬಂತು. ಮರುಗಳಿಗೆಯಲ್ಲೇ ಹೊಳೆಯಿತು. ಬುದ್ಧಿ ನನ್ನೊಳಗೇ ಇದೆ. ನಾನು ಅದನ್ನು ಒಳಗೆ ತಂದಿದ್ದೇನೆ. ಮೇಲೆ ನೋಡಬಾರದು, ಮೇಲೆ ನೋಡಬಾರದು ಎಂದುಕೊಂಡು ಕೀರ್ತನೆ ಪುಸ್ತಕದ ಮೇಲೇ ಕಣ್ಣಿಟ್ಟೆ.

ಪುಸ್ತಕದ ಮೇಲೆ ಹಿಟ್ಟು ಉದುರಿತು. ಸಣ್ಣಗೆ, ತಿಳಿಹಳದಿ, ಜರಡಿ ಹಿಡಿದಂತೆ.

ಸಭಾಪಾಲಕರಾದ ಕೃಪಾಕರ ಅಯ್ಯನವರು ಮೇಜಿನ ಹಿಂದೆ ನಿಂತು ಪ್ರಾರ್ಥನೆ ಮುಗಿಸಿದರು. ಅವರ ಕುಡಿಕೆಯೂ ಪಡಸಾಲೆಯಲ್ಲೇ, ಮೊದಲ ಹಲಗೆಯಲ್ಲಿ. ಅವರ ಮಾತು ಕೈಗೆ ರೂಢಿಯಾದ ಕೆಲಸದಂತೆ ತಾನೇ ಸಾಗುತ್ತಿತ್ತು. ಅವರು ಸುಮ್ಮನಾದ ಮೇಲೆ, ಆ ಮೌನದಲ್ಲಿ, ಮೇಲಿನಿಂದ ಒಂದು ಧ್ವನಿ ಬಂತು. ಕಿರ್ರ್ ಎಂದು ಉದ್ದಕ್ಕೆ ಎಳೆದು, ಕೊನೆಗೆ ಟಕ್ ಎಂದಿತು. ಇನ್ನೂರು ಮುಖಗಳು ಒಮ್ಮೆಗೇ ಅರಳಿದವು. "ಆಮೆನ್," ಎಂದರು ಎಲ್ಲರೂ. ಪಕ್ಕದಲ್ಲಿದ್ದ ದೀನಮ್ಮ ನನ್ನ ಕೈ ಹಿಚುಕಿದಳು. "ದೇವರು ಮಾತಾಡಿದ," ಎಂದಳು. ಅವಳ ಹೆಗಲ ತುಂಬ ಹಿಟ್ಟಿತ್ತು.

ಮೂರು ತಿಂಗಳಿಂದ ನಾನೂ ಮನೆಗೆ ಹೋಗಿ ಅಜ್ಜಿಗೆ ಇದನ್ನೇ ಹೇಳುತ್ತಿದ್ದೆ: ಇವತ್ತು ಮಾತಾಡಿದ ಅಜ್ಜಿ, ಏನಂದನೋ ನೆನಪಿಲ್ಲ, ಆದರೆ ಮಾತಾಡಿದ.

ಮರದ ಮಗ್ಗದ ಮೇಲೆ ಬೆಳೆದವಳಿಗೆ ಮರದ ಧ್ವನಿ ಗೊತ್ತಿರುತ್ತದೆ. ಒಣಗಿದ ಮರ ಕೂಗುವುದೇ ಬೇರೆ, ಒಳಗೆ ತಿಂದು ಖಾಲಿಯಾದ ಮರ ಕೂಗುವುದೇ ಬೇರೆ. ನಾನು ಕತ್ತೆತ್ತಿದೆ. ಮೂರು ತೊಲೆಗಳಲ್ಲಿ ನಡುವಿನದಕ್ಕೆ ಗೋಡೆಯಿಂದ ಗೆದ್ದಲಿನ ಮಣ್ಣಿನ ದಾರಿ ಹತ್ತಿಹೋಗಿತ್ತು. ತೊಲೆಯ ನಟ್ಟನಡುವೆ ಕೈ ತೂರುವಷ್ಟು ಅಗಲದ ಬಿರುಕು. ಅದನ್ನು ನೋಡುತ್ತಿದ್ದಂತೆ ಅದು ಇನ್ನಷ್ಟು ಅಗಲವಾಯಿತೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ ಇವತ್ತಿಗೂ ಹೇಳಲಾರೆ. ಅವಳು ನೋಡಿದ ಕಡೆಯೆಲ್ಲ ಚಾವಣಿ ಬಿರಿಯುತ್ತಾ ಹೋಯಿತಂತೆ. ತಲೆ ತಗ್ಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಉಳಿದ ಆರಾಧನೆಯುದ್ದಕ್ಕೂ ನಾನು ಬೇಡಿದ್ದು ಒಂದೇ: ನನ್ನಿಂದ ಆಗದಿರಲಿ.

ಹೊರಗೆ ಬಂದು ಎಲ್ಲರಂತೆ ಕೈಚಾಚಿದೆ. ಕುಡಿಕೆ ಎತ್ತಿಕೊಡುವವನು ಗಂಟೆ ಬಾರಿಸುವ ಸೀಲಪ್ಪ. ಕಪಾಟು ಕಾಯಬೇಕಾದ್ದರಿಂದ ಸಭೆಯಲ್ಲಿ ಅವನೊಬ್ಬನಿಗೇ ಭಾನುವಾರವೂ ಬುದ್ಧಿ ತಲೆಯಲ್ಲೇ. ಅದಕ್ಕೇ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಅವನು ನನ್ನ ಕುಡಿಕೆ ಎತ್ತಿದ, ಅಂಗೈಯಲ್ಲಿ ತೂಗಿದ. "ಹಗೂರ ಐತೆಲ್ಲವಾ ಹುಲ್ದವ್ವಾ," ಎಂದ.

"ನನ್ನ ಬುದ್ಧಿ ಯಾವಾಗ ಭಾರ ಇತ್ತ ಕಾಕಾ?" ಎಂದೆ.

ಹಿಂದೆ ನಿಂತವರು ನಕ್ಕರು. ಸೀಲಪ್ಪ ನಗಲಿಲ್ಲ. ಕುಡಿಕೆ ಕೊಟ್ಟ, ನಾನು ಖಾಲಿ ಕುಡಿಕೆಯನ್ನು ಹಣೆಗೆ ಹಿಡಿದು ಉಸಿರೆಳೆದೆ. ಮಣ್ಣಿನ ವಾಸನೆ ಬಂತು.

ಮನೆಗೆ ಬಂದು ಅಜ್ಜಿಯ ಮಂಚದ ಕಾಲಿಗೆ ಒರಗಿ ಎಲ್ಲವನ್ನೂ ಹೇಳಿದೆ. ಬಿರುಕು, ಹಿಟ್ಟು, ದೀನಮ್ಮನ ಹೆಗಲು. ಬರುವ ಭಾನುವಾರ ಸುಗ್ಗಿ ಹಬ್ಬ. ದೇವಾಲಯಕ್ಕೆ ನೂರು ತುಂಬಿದ ನೆನಪಿಗೆ ನಾಲ್ಕು ಆಳು ಹೊರುವ ಹಿತ್ತಾಳೆಯ ತೂಗುದೀಪ ಬಂದಿತ್ತು. ಅದನ್ನು ಕಟ್ಟುವುದು ಅದೇ ನಡುವಿನ ತೊಲೆಗೆ. ಅಜ್ಜಿಯ ಕೈಯಲ್ಲಿದ್ದ ಕಂಡಿಕೆ ನಿಂತಿತು.

"ಯಾರಿಗೂ ಹೇಳಬ್ಯಾಡ," ಎಂದಳು.

"ಇನ್ನೂರು ಮಂದಿ ಅಜ್ಜಿ."

"ಇನ್ನೂರು ಮಂದಿ ನನ್ನ ಮೊಮ್ಮಕ್ಕಳಲ್ಲ. ಹೇಳಿದ್ರ, ನೀ ಹೆಂಗ ನೋಡಿದಿ ಅಂತ ಕೇಳ್ತಾರ. ನಾಳೆ ನಿನ್ನ ಅಂಗಿ ಗುಂಡಿ ಹಾಕಾಕ ನಾ ಎಷ್ಟ ದಿನ ಇರ್ತೀನಿ?"

"ಆ ಕತಿ ಖರೇ ಆದ್ರ? ನಾ ನೋಡಿದ್ದಕ್ಕೇ ಬಿರುಕು ಬಿಟ್ಟಿದ್ರ?"

ಅಜ್ಜಿ ಕಂಡಿಕೆಯ ನೂಲನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. "ಆ ಕತಿ ನಾನ ಕಟ್ಟಿದ್ದವಾ," ಎಂದಳು.

ಆಮೇಲೆ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಪಡಸಾಲೆಯ ಸಾಲಿನಲ್ಲಿ ಎಲೀಯ ಮಾಸ್ತರರು ಅವಳ ಮುಂದೆ ನಿಂತಿದ್ದರಂತೆ. ತಿರುಗಿ ಮೆಲ್ಲಗೆ ಕೇಳಿದರಂತೆ: "ನೋಡ್ರಿ ಆಯಿ, ದೇವರನ್ನ ಪ್ರೀತಿ ಮಾಡ್ರಿ ಅನ್ನುವಾಗ ಕರ್ತ ಹೃದಯ ಅಂದ, ಪ್ರಾಣ ಅಂದ. ಅಷ್ಟಕ್ಕ ನಿಂದರಲಿಲ್ಲ, ಬುದ್ಧಿನೂ ಬೇಕಂದ. ನಾವು ಅದನ್ನ ಬಾಗಲದಾಗ ಇಟ್ಟು ಹೋಗ್ತೀವಿ. ಕೊಟ್ಟಾಂವನ ಮನಿಗೆ ಹೋಗುವಾಗ, ಅವನ ಕೊಟ್ಟಿದ್ದನ್ನ ಹೊರಗ ಇಟ್ಟು ಹೋಗೋದು ಮರ್ಯಾದೆ ಏನ್ರಿ?" ಅಷ್ಟು ಹೇಳಿ, ಕುಡಿಕೆಗೆ ಏನೂ ಹಾಕದೆ ಒಳಗೆ ಹೋದರಂತೆ.

"ನಾನ ಹಿರೇರಿಗೆ ಹೇಳಿದೆ," ಎಂದಳು ಅಜ್ಜಿ. "ಸಿಟ್ಟಿಗಲ್ಲ. ಅಂಜಿಕಿಗೆ. ಅಂವಾ ಕೇಳಿದ್ದು ನನಗ ಖರೇ ಅನಸಿತ್ತು ನೋಡು, ಅದಕ್ಕ ಅಂಜಿದೆ. ಅರಗು ಕಾಸುವಾಗ ನನ್ನ ಒಲಿ ಕೆಂಡನ ಒಯ್ದರು. ಆಮ್ಯಾಲೆ ನೀನೂ ಹಂಗ ಪ್ರಶ್ನಿ ಕೇಳಾಕ ಹತ್ತಿದಿ. ಚಂದ್ರನ್ನ ಯಾರು ಸಾಣಿ ಹಿಡಿತಾರ, ದೇವರು ಯಾವಾಗ ಮಲಗ್ತಾನ. ನಿನ್ನೂ ಕಳಕೊಂಡೇನಂತ ಕತಿ ಕಟ್ಟಿದೆ. ಊರ ಮಂದಿ ನಂಬಿದ್ರು. ಕಡೀಕ ನಾನೂ ನಂಬಿದೆ."

ನಾನು ಅವಳ ಮುಖ ನೋಡಿದೆ. ಹತ್ತೊಂಬತ್ತು ವರ್ಷ ನನ್ನನ್ನು ಕಾಪಾಡಿದ ಮುಖ. ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಅವಳ ಹೆದರಿಕೆ ನನ್ನ ಹೆದರಿಕೆಯ ಪಕ್ಕದಲ್ಲಿ ಬಂದು ಕೂತಿತು, ಅಷ್ಟೇ.

ಬುಧವಾರ ಅಯ್ಯನವರನ್ನು ಕಾಣಲು ಹೋದೆ. ಅವರು ಮನೆಯ ಹಿತ್ತಿಲಲ್ಲಿ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ಬುದ್ಧಿ ತಲೆಯಲ್ಲಿದ್ದಾಗ ಅವರು ಬಹಳ ಒಳ್ಳೆಯ ಮನುಷ್ಯ, ಯಾರ ಮಾತಿಗೂ ಅಡ್ಡ ಬಾರದವರು. "ಅಯ್ನೋರ, ದೀಪ ಕಟ್ಟೋ ಮುಂದ ನಡುವಿನ ತೊಲಿ ಒಮ್ಮೆ ಬಡಿಗೇರ ಕಡಿಂದ ತೋರಸ್ರಿ," ಎಂದೆ.

ಅವರ ಕೈಯ ಚೆಂಬು ಗಿಡದ ಮೇಲೆ ನಿಂತಿತು. "ಬಡಿಗೇರ ಬುದ್ಧಿ ಹೊರಗಿಟ್ಟು ಒಳಗ ಹೋಗಿ ಏನ ನೋಡತಾನವಾ?"

"ಇಟ್ಕೊಂಡ ಹೋಗ್ಲಿ. ಒಂದ ಸಲ."

"ತೊಲಿ ಹೆಂಗೈತಿ ಅಂತ ನಿನಗ ಯಾರ ಹೇಳಿದ್ರು?"

ಅವರು ನನ್ನ ಕಣ್ಣನ್ನೇ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಅವರಿಗೆ ತಿಳಿದುಹೋಯಿತು. ಚೆಂಬು ಕೆಳಗಿಟ್ಟು, ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿದರು. "ನೀ ಇಲ್ಲಿ ಬಂದಿಲ್ಲ, ನಾ ಏನೂ ಕೇಳಿಲ್ಲ. ತಿಳೀತಿಲ್ಲೋ? ಹಬ್ಬದ ದಿನಾ ಮನ್ಯಾಗ ಇರು. ಜ್ವರ ಅಂತ ಹೇಳು. ಒಂದ ವೇಳೆ ಏನರ ಆತಂದ್ರ ನಿನ್ನಿಂದನ ಆತು ಅಂತಾರ. ಅದನ್ನ ನಾ ತಡ್ಯಾಕ ಆಗಂಗಿಲ್ಲ." ಒಂದು ಬದನೆಕಾಯಿ ಕಿತ್ತು ನನ್ನ ಕೈಗಿಟ್ಟರು. ಯಾಕೆ ಕೊಟ್ಟರೋ, ನಾನು ಯಾಕೆ ತೆಗೆದುಕೊಂಡೆನೋ.

ಮನೆಯಲ್ಲಿ ಉಳಿಯಬಹುದಿತ್ತು. ನಾಲ್ಕು ದಿನ ಅದನ್ನೇ ಯೋಚಿಸಿದೆ. ವಸ್ತ್ರದ ಅಂಚು ನೇಯುತ್ತಾ, ಜ್ವರ ಬಂದವಳಂತೆ ಮುಸುಕು ಹೊದ್ದು ಮಲಗಿದ ನನ್ನನ್ನೂ, ಅದೇ ಹೊತ್ತಿಗೆ ದೇವಾಲಯದ ಕಡೆಯಿಂದ ಬರುವ ಒಂದು ದೊಡ್ಡ ಸದ್ದನ್ನೂ ಊಹಿಸಿಕೊಂಡೆ. ಮೀನಿನ ಮುಖ ತಪ್ಪು ಕಡೆ ತಿರುಗಿತು, ಬಿಚ್ಚಲಿಲ್ಲ. ಶನಿವಾರ ಸಂಜೆ ಅಜ್ಜಿ ತಾನಾಗಿಯೇ ಕೇಳಿದಳು: "ಹೋಗಾಕಿ ಅದೀ, ಹೌದಿಲ್ಲೋ?" ನಾನು ತಲೆಯಾಡಿಸಿದೆ. ಬೆಳಿಗ್ಗೆ ಅವಳು ಮಂಚದ ಮೇಲೇ ಕೂತು ಜೋಳದ ಹಿಟ್ಟು ಕಲಸಿ, ನಿಂಬೆಯಷ್ಟು ಉಂಡೆ ಮಾಡಿ, ಎರಡೂ ಅಂಗೈ ನಡುವೆ ಇಟ್ಟು ಬೆಚ್ಚಗೆ ಮಾಡಿದಳು. "ಇದನ್ನ ಕುಡಿಕ್ಯಾಗ ಹಾಕು. ಈ ಸಲ ಹಗೂರ ಆಗಬಾರದು," ಎಂದಳು. ನನ್ನ ತಲೆಯ ಮೇಲೆ ಕೈಯಿಟ್ಟಳು. ಏನು ಪ್ರಾರ್ಥಿಸಿದಳೋ ಕೇಳಿಸಲಿಲ್ಲ.

ಪಡಸಾಲೆಯಲ್ಲಿ ಕುಂಬಳಕಾಯಿ, ಜೋಳದ ತೆನೆ, ಹೊಸ ನೂಲಿನ ಲಡಿ, ಹಬ್ಬದ ಗದ್ದಲ. ನನ್ನ ಸರದಿ ಬಂದಾಗ ತಲೆ ಬಗ್ಗಿಸಿ, ಸೆರಗಿನ ಮರೆಯಲ್ಲಿ ಉಂಡೆಯನ್ನು ಕುಡಿಕೆಗೆ ಬಿಟ್ಟು ಮುಚ್ಚಿದೆ. ಸೀಲಪ್ಪ ಎತ್ತಿದ, ತೂಗಿದ, ಮೂಗಿನ ಹತ್ತಿರ ಒಯ್ದ. "ಜ್ವಾಳದ ವಾಸನಿ ಬರತೈತಿ," ಎಂದ. ಅವನು ನನ್ನ ಕಡೆ ನೋಡದೆ ಕುಡಿಕೆಯನ್ನು ಹಲಗೆಯ ಮೇಲಿಟ್ಟ. "ಹಬ್ಬ ಅಲ್ಲೇನು. ಎಲ್ಲಾ ಕಡೆ ಜ್ವಾಳದ್ದ ವಾಸನಿ. ಹೋಗು, ಹೋಗು."

ದೀಪವನ್ನು ಆರಾಧನೆಯ ನಡುವೆ ಏರಿಸಿದರು. ಬುದ್ಧಿ ಹೊರಗಿದ್ದರೂ ಕೈಗೆ ಕೆಲಸ ಗೊತ್ತಿರುತ್ತದೆ. ನಾಲ್ವರು ಗಂಡಸರು ತೊಲೆಯ ಮೇಲಿಂದ ಹಗ್ಗ ಹಾಯಿಸಿ ಎಳೆದರು. ಹಿತ್ತಾಳೆ ಮೇಲೇರಿತು. ನೆಲ ಬಿಟ್ಟ ಕೂಡಲೇ ತೊಲೆ ನರಳಿತು. ಟಕ್ ಎಂದು ನಿಲ್ಲಲಿಲ್ಲ, ನರಳುತ್ತಲೇ ಇತ್ತು. ಸಭೆಗೆ ಸಭೆಯೇ ಎದ್ದು ನಿಂತು "ಆಮೆನ್, ಆಮೆನ್" ಎಂದಿತು. ಇಷ್ಟು ಉದ್ದಕ್ಕೆ ಅವನು ಎಂದೂ ಮಾತಾಡಿರಲಿಲ್ಲ. ಹಗ್ಗವನ್ನು ಕಂಬಕ್ಕೆ ಕಟ್ಟಿದರು. ಹಿಟ್ಟಿನ ಜೊತೆ ಈಗ ಮರದ ಚೂರುಗಳು ಬೀಳತೊಡಗಿದವು.

ನಾನು ಬೆಂಚಿನ ಮೇಲೆ ಹತ್ತಿದೆ. "ತೊಲಿ ಮುರೀತೈತಿ! ಹೊರಗ ನಡೀರಿ!" ಎಂದು ಕೂಗಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಇನ್ನೂರು ಮುಖಗಳು ನನ್ನ ಕಡೆ ತಿರುಗಿ ನಕ್ಕವು. "ಆಮೆನ್," ಎಂದವು.

ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೈದಿದ್ದರೆ, ಹೊಡೆಯಲು ಬಂದಿದ್ದರೆ ಓಡಿಹೋಗುತ್ತಿದ್ದೆ. ಅವರು ಪ್ರೀತಿಯಿಂದ ನಗುತ್ತಿದ್ದರು. ಹನೋಕಪ್ಪನ ತೋಳು ಹಿಡಿದು ಎಳೆದೆ. ಮೂರು ಹೆಜ್ಜೆ ಬಂದ, ಕೈಬಿಟ್ಟ ಕೂಡಲೇ ಗೂಟಕ್ಕೆ ಮರಳುವ ಕರುವಿನಂತೆ ಹೋಗಿ ತನ್ನ ಜಾಗದಲ್ಲಿ ಕೂತ. ಯಾರನ್ನು ಎಳೆದರೂ ಹೀಗೇ ಮರಳುತ್ತಾರೆ. ಪಡಸಾಲೆಗೆ ಓಡಿದೆ.

ಸೀಲಪ್ಪ ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿ ನಿಂತಿದ್ದ. ಅವನ ಮುಖ ಬೂದಿಯಾಗಿತ್ತು. "ಕೇಳಸೈತಿ," ಎಂದ ನಾನು ಬಾಯಿ ತೆರೆಯುವ ಮೊದಲೇ. "ಮೂರ ತಿಂಗಳಾತು ಕೇಳಸಾಕತ್ತಿ. ಹೊರಗ ಬರುವಾಗ ಮಂದಿ ಹೆಗಲ ಮ್ಯಾಲಿನ ಹಿಟ್ಟು ನಾನ ಝಾಡಿಸ್ತೀನಿ. ಯಾರಿಗೆ ಹೇಳಲಿ? ಅರಗು ಕಾಸಾಂವ ನಾನ, ಹುಲ್ದವ್ವಾ. ಆ ಮುದ್ರಿ ನನ್ನ ಕೈಲೇ ಒತ್ತಿಸಿದ್ರು."

"ಕಾಕಾ, ಹಲಗಿ ಹಿಡೀರಿ."

ಅವನಿಗೆ ಅರ್ಥವಾಯಿತು. ನಾವಿಬ್ಬರೂ ಕೆಳಗಿನ ಹಲಗೆಯನ್ನು ಮೂವತ್ತು ಕುಡಿಕೆಗಳ ಸಮೇತ ಎತ್ತಿದೆವು. ನಾನು ಮುಂದೆ, ಅವನು ಹಿಂದೆ. ನಾನು ಹೊಸ್ತಿಲು ದಾಟಿದೆ, ಹಲಗೆ ನಿಂತುಬಿಟ್ಟಿತು. ತಿರುಗಿ ನೋಡಿದೆ. ನಲವತ್ತು ವರ್ಷ ದಾಟದ ಹೊಸ್ತಿಲಿನ ಮುಂದೆ ಸೀಲಪ್ಪ ನಿಂತಿದ್ದ. ತುಟಿ ಅಲುಗುತ್ತಿದ್ದವು, ಕಣ್ಣಿಂದ ನೀರು ಇಳಿಯುತ್ತಿತ್ತು. "ಸ್ವಾಮಿ, ನಾ ಇದನ್ನ ತಲ್ಯಾಗ ಇಟ್ಕೊಂಡ ಬರಾಕತ್ತೀನಿ, ಸಿಟ್ಟಾಗಬ್ಯಾಡ," ಎಂದು ಮಗುವಿನಂತೆ ಹೇಳಿ ಕಾಲೆತ್ತಿ ಒಳಗಿಟ್ಟ.

ಹಲಗೆಯನ್ನು ನೆಲಕ್ಕೆ ಮಗುಚಿದೆವು. ಕುಡಿಕೆಗಳು ಒಡೆದವು. ಚೆಲ್ಲಿದ ಬುದ್ಧಿಗಳು ತಾಯಿ ಕಾಣದ ಕೋಳಿಮರಿಗಳಂತೆ ಒಂದು ಗಳಿಗೆ ದಿಕ್ಕೆಟ್ಟು, ಹತ್ತಿರ ಸಿಕ್ಕ ಹಣೆಗಳಿಗೆ ಹಾರಿ ಸೇರಿಕೊಂಡವು. ಮೊದಲು ಚೀರಿದವಳು ದೀನಮ್ಮ. "ಅಯ್ಯೋ ದೇವರ, ಮ್ಯಾಲ ನೋಡ್ರಿ!" ಆ ಚೀರಾಟ ನನಗೆ ಕೀರ್ತನೆಗಿಂತ ಹಿತವಾಗಿ ಕೇಳಿಸಿತು. ಇನ್ನೊಂದು ಹಲಗೆ, ಮತ್ತೊಂದು ಹಲಗೆ. ಬುದ್ಧಿ ಬಂದವರು ಬಾರದವರನ್ನು ಹೊತ್ತರು, ದೂಡಿದರು, ಕೂದಲು ಹಿಡಿದು ಎಳೆದರು. ಹನೋಕಪ್ಪ ಎರಡು ತೋಳಿನಲ್ಲಿ ಇಬ್ಬರು ಮುದುಕಿಯರನ್ನು ಎತ್ತಿಕೊಂಡು ಓಡಿದ.

ಅಯ್ಯನವರು ಮಾತ್ರ ಮೇಜಿನ ಹಿಂದೆ ಕೈ ಚಾಚಿಕೊಂಡು ನಿಂತೇ ಇದ್ದರು. ಒಡೆಯದೆ ಉರುಳಿದ ಒಂದು ಕುಡಿಕೆಯನ್ನು ಹೆಕ್ಕಿ, ಯಾರದೆಂದು ನೋಡದೆ, ಅವರ ಹಣೆಗೆ ಒತ್ತಿದೆ. ಅವರು ಉಸಿರೆಳೆದರು. ಕಣ್ಣು ಬಿಟ್ಟರು, ಮೇಲೆ ನೋಡಿದರು. ಮರುಕ್ಷಣ ನನ್ನ ಮಣಿಕಟ್ಟು ಹಿಡಿದು ಎಷ್ಟು ಜೋರಾಗಿ ಓಡಿದರೆಂದರೆ ನನ್ನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ.

ನಾವು ಹೊಸ್ತಿಲು ದಾಟಿದ ಮೇಲೆ ಅದು ಬಿತ್ತು. ಮೊದಲು ದೀಪ, ಆಮೇಲೆ ತೊಲೆ, ಆಮೇಲೆ ಹಂಚು, ಹಂಚಿನ ಹಿಂದೆ ಹಂಚು. ಪಡಸಾಲೆ ಉಳಿಯಿತು. ಒಳಗಿನಿಂದ ಕೆಂಪು ಧೂಳಿನ ಮೋಡವೊಂದು ಬಾಗಿಲಿನಲ್ಲಿ ಉಕ್ಕಿ ಬಂದು ನಮ್ಮೆಲ್ಲರ ಮೇಲೆ ಇಳಿಯಿತು.

ಪೌಳಿಯ ಗೋಡೆಯ ಮೇಲೆ ಎಲೀಯ ಮಾಸ್ತರರು ಧೂಳು ಮುಚ್ಚಿಕೊಂಡು ನಗುತ್ತಾ ಕೂತಿದ್ದರು. ನವೋಮಿ ಚಿಗವ್ವ ಪಡಸಾಲೆಗೆ ನಡೆದಳು. ಯಾರನ್ನೂ ಕೇಳಲಿಲ್ಲ. ಕಪಾಟಿನ ಕೆಳಗಿನ ಮೂರು ಹಲಗೆ ಖಾಲಿಯಾಗಿದ್ದವು, ಮೇಲಿನದು ಹಾಗೇ ಇತ್ತು. ಅವಳು ಅರಗಿನ ಕುಡಿಕೆಯನ್ನು ಇಳಿಸಿ, ಗಂಡನ ಬಳಿ ತಂದು, ಗೋಡೆಯ ಕಲ್ಲಿಗೆ ಒಂದೇ ಏಟು ಹಾಕಿ ಮುಚ್ಚಳ ಒಡೆದಳು. ಹಿರಿಯರು ನಿಂತು ನೋಡಿದರು. ಯಾರೂ ತಡೆಯಲಿಲ್ಲ.

ಮಾಸ್ತರರು ಉಸಿರೆಳೆದರು. ನಗು ಮೆಲ್ಲಗೆ ಅವರ ಮುಖ ಬಿಟ್ಟು ಹೋಯಿತು. ಬಿದ್ದ ಚಾವಣಿ ನೋಡಿದರು, ನಮ್ಮನ್ನು ನೋಡಿದರು. ಹನ್ನೊಂದು ವರ್ಷದ ಮೇಲೆ ಬಂದ ಧ್ವನಿ ಒಡೆದಿತ್ತು. "ಎಣಿಸಿದ್ರೇನು?" ಎಂದರು. "ಒಳಗ ಯಾರೂ ಉಳದಿಲ್ಲ, ಹೌದಿಲ್ಲೋ?"

ಆಗ ಎಣಿಸಿದೆವು. ಯಾರೂ ಉಳಿದಿರಲಿಲ್ಲ.

ಆಮೇಲಿನ ಒಂದು ವಾರ ಊರಿನಲ್ಲಿ ಬುದ್ಧಿ ಬದಲಾಯಿಸಿಕೊಳ್ಳುವ ಕೆಲಸ. "ನಿಮ್ದು ನನ್ನ ಹಂತ್ಯಾಕ ಐತಿ ನೋಡ್ರಿ," ಎಂದು ಜನ ಬಟ್ಟಲು ಹಿಡಿದು ಮನೆಯಿಂದ ಮನೆಗೆ ನಾಚುತ್ತಾ ಹೋದರು. ಹನೋಕಪ್ಪನಿಗೆ ಸಿಕ್ಕದ್ದು ಹೆಂಡತಿಯದೇ. ಮೂರು ದಿನ ಇಟ್ಟುಕೊಂಡಿದ್ದು ಹಿಂತಿರುಗಿಸಿದ ಮೇಲೆ ಅವನು ಅವಳೊಂದಿಗೆ ಮೆಲ್ಲಗೆ ಮಾತಾಡುತ್ತಾನೆ. ಅಜ್ಜಿಯ ಹಟಕ್ಕೆ ಅವಳನ್ನು ಮಂಚದ ಸಮೇತ ಹೊರಿಸಿಕೊಂಡು ಮಾಸ್ತರರ ಮನೆಗೆ ಹೋದೆವು. ಅವಳು ಏನು ಹೇಳಿದಳೋ, ನನ್ನನ್ನು ಹೊರಗೆ ಕಳಿಸಿದ್ದರು. ಮರಳುವಾಗ ಅವಳು ಬಹಳ ಸಣ್ಣವಳಾಗಿ ಕಂಡಳು. "ಕ್ಷಮಿಸೀನಿ ಅನ್ನಲಿಲ್ಲ," ಎಂದಳು. "ಯಾಕ ಅಂಜಿದ್ರಿ ಅಂತ ಕೇಳಿದ. ನಾಳೆ ಮತ್ತ ಬರ್ರಿ ಅಂದ."

ಹಿರಿಯರು ಎರಡು ಸಲ ಸೇರಿದರು. ಅರ್ಧ ಜನ, ಹುಡುಗಿ ಇಲ್ಲದಿದ್ದರೆ ನಾವೆಲ್ಲ ಹಂಚಿನ ಕೆಳಗೆ ಎಂದರು. ಇನ್ನರ್ಧ ಜನ, ಬುದ್ಧಿ ಒಳಗೆ ಬಂತು, ಚಾವಣಿ ಬಿತ್ತು, ಮಲ್ಲಿಗೆ ದಂಡೆಯ ಹುಡುಗಿಯ ಕಥೆ ನಿಜವಾಯಿತು ಎಂದರು. ಕಥೆ ತಾನು ಕಟ್ಟಿದ್ದೆಂದು ಅಜ್ಜಿ ಹೇಳಿ ಕಳಿಸಿದಳು. ವಯಸ್ಸಾಗಿದೆ ಪಾಪ ಎಂದರು. ನನ್ನ ಕುಡಿಕೆಗೆ ಅರಗು ಹೊಯ್ಯುವ ಮಾತೂ ಬಂತಂತೆ. ಸೀಲಪ್ಪ ಎದ್ದು, "ಹಂಗಾದ್ರ ಮೊದಲ ನಂದು ಮುಚ್ಚರಿ, ನಾನೂ ದಾಟೀನಿ," ಎಂದನಂತೆ. ಅಯ್ಯನವರು ಕೊನೆಗೆ, ಬುಧವಾರ ಆ ಹುಡುಗಿ ತಮ್ಮ ಬಳಿ ಬಂದಿದ್ದಳು ಎಂದು ಒಪ್ಪಿಕೊಂಡರಂತೆ. ತೀರ್ಮಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಬಾಗಿಲ ಸದ್ದಾದರೆ ನನ್ನ ಕೈ ಈಗಲೂ ಹಣೆಗೆ ಹೋಗುತ್ತದೆ.

ಚಾವಣಿ ಬಿದ್ದ ಮರುವಾರದ ಭಾನುವಾರ ಪೌಳಿಯ ಬೇವಿನ ಮರದ ಕೆಳಗೆ ಆರಾಧನೆ. ಅಲ್ಲಿ ಬಾಗಿಲಿಲ್ಲ, ಹೊಸ್ತಿಲಿಲ್ಲ. ಜನ ಬಂದು, ಎಲ್ಲಿ ಏನನ್ನು ಬಿಡಬೇಕೆಂದು ತಿಳಿಯದೆ ಚಪ್ಪಲಿ ಮಾತ್ರ ಬಿಟ್ಟು, ಚಾಪೆಯ ಮೇಲೆ ಅಂಜುತ್ತಾ ಕೂತರು. ಮೇಜಿನ ಬದಲು ಇಟ್ಟ ಕಲ್ಲಿನ ಮೇಲೆ, ಹಂಚಿನಡಿಯಿಂದ ತೆಗೆದ ನನ್ನ ವಸ್ತ್ರ ಹಾಸಿದ್ದರು, ಮೀನು ತಪ್ಪು ಕಡೆ ಮುಖ ಮಾಡಿಕೊಂಡಿತ್ತು. ಅಯ್ಯನವರು ಪುಸ್ತಕ ತೆರೆದು ಓದಿದರು. ನಡುವೆ ತಡವರಿಸಿ ನಿಂತರು. ಅದೇ ಸಾಲನ್ನು ಮತ್ತೆ ಓದಿದರು. "ಇದು ನನಗ ಇವತ್ತಿನ ತನಕಾ ತಿಳಿದಿದ್ದಿಲ್ಲ," ಎಂದರು. ಯಾರೂ ಆಮೆನ್ ಅನ್ನಲಿಲ್ಲ. ಅನ್ನುವ ಮೊದಲು ಎಲ್ಲರೂ ಯೋಚಿಸುತ್ತಿದ್ದರು.

ಪ್ರಾರ್ಥನೆಗೆ ಕಣ್ಣು ಮುಚ್ಚುವ ಹೊತ್ತಿಗೆ ನಾನು ಮೇಲೆ ನೋಡಿದೆ. ಬೇವಿನ ಎಲೆ, ಎಲೆಯ ಸಂದಿನಲ್ಲಿ ಆಕಾಶ. ತೊಲೆಯನ್ನು ಗೆದ್ದಲು ಬೀಳಿಸಿತೋ, ನನ್ನ ಕಣ್ಣು ಬೀಳಿಸಿತೋ? ಗೆದ್ದಲೇ ಎಂದು ನನ್ನ ಬುದ್ಧಿ ಹೇಳುತ್ತದೆ. ಆದರೂ ಹೆದರಿಕೆ ಹೋಗಿಲ್ಲ. ಆ ಪ್ರಶ್ನೆಯನ್ನು ಅಜ್ಜಿಗೂ ಕೇಳಿರಲಿಲ್ಲ, ಹಿರಿಯರಿಗೂ ಕೇಳಿರಲಿಲ್ಲ. ಅಂದು ಅದನ್ನು ದೇವರಿಗೇ ಕೇಳಿದೆ. ಕೇಳಿ, ಕಣ್ಣು ಮುಚ್ಚದೆ, ಉತ್ತರಕ್ಕಾಗಿ ಕಾದು ಕೂತೆ. ಮೇಲಿನಿಂದ ಯಾವ ಧ್ವನಿಯೂ ಬರಲಿಲ್ಲ. ಆಕಾಶ ಬಿರಿಯಲೂ ಇಲ್ಲ.